ಹೆಸರಿಲ್ಲದ ಕ್ಯಾಮೆರಾ ಎಲ್ಲವೂ ಪ್ರೊಟೊಟೈಪ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಹಳೇ ಸ್ಟೀರಿಯೋ ಕ್ಯಾಮೆರಾ (ಆಳ ಕಾಣುವಂತೆ ಒಂದೇ ದೃಶ್ಯದ ಎರಡು ಚಿತ್ರ ಒಟ್ಟಿಗೆ ತೆಗೆಯುವಂಥದ್ದು) ಒಂದರ ಫೋಟೋ ಬಂದಿತ್ತು. ಮೂರು ಲೆನ್ಸ್ ಇವೆ, ಕಂಪನಿ ಹೆಸರಿಲ್ಲ, ನಂಬರೂ ಇಲ್ಲ, ಹಾಗಾಗಿ ಇದು ಮಾರಾಟಕ್ಕೆ ಬರುವ ಮುಂಚೆ ಕಂಪನಿ ಪರೀಕ್ಷೆಗೆ ಮಾಡಿದ ಮಾದರಿ, ಅಂದರೆ ಪ್ರೊಟೊಟೈಪ್ ಎಂದು ಕೆಳಗೆ ಬರೆದಿದ್ದಿರಿ. ಇದ್ದರೂ ಇರಬಹುದು. ಆದರೆ ಕೊಟ್ಟ ಕಾರಣಗಳಲ್ಲಿ ಒಂದೂ ಅದಕ್ಕೆ ಸಾಲುವುದಿಲ್ಲ.

ಮೂರನೇ ಕಣ್ಣು ವಿಶೇಷವೇನಲ್ಲ. ಚಿತ್ರ ತೆಗೆಯುವುದು ಆಚೀಚೆಯ ಎರಡು ಲೆನ್ಸ್. ನಡುವಿನದು ನಾವು ನೋಡಿ ಫ್ರೇಮ್ ಹೊಂದಿಸಿಕೊಳ್ಳಲು. ಜರ್ಮನಿಯ ರೋಲೈಡೋಸ್ಕೋಪ್, ಸೋವಿಯತ್ ಸ್ಪುಟ್ನಿಕ್, ಅಮೆರಿಕದ ಸ್ಟೀರಿಯೋ ರಿಯಲಿಸ್ಟ್, ಎಲ್ಲದರಲ್ಲೂ ಅದಿದೆ.

ಹೆಸರಿಲ್ಲದ ಮಾತಿಗೆ ಬಂದರೆ, ನಮ್ಮ ಬಳ್ಳಾರಿ ಜೀನ್ಸ್ ಹೊಲಿಯುವವರನ್ನೇ ಕೇಳಿ. ಲೇಬಲ್ ಇಲ್ಲದ ಪ್ಯಾಂಟನ್ನೆಲ್ಲಾ ಯಾರೂ ಸ್ಯಾಂಪಲ್ ಪೀಸ್ ಅನ್ನುವುದಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ಹೊಲಿದಿದ್ದು, ಚಾಕ್ ಗೆರೆ, ಜೇಬಿನ ಜಾಗ ಬದಲಾಯಿಸಿದ್ದು ಕಂಡರೆ ಮಾತ್ರ ಅದು ಸ್ಯಾಂಪಲ್. ಕ್ಯಾಮೆರಾದಲ್ಲೂ ಹುಡುಕಬೇಕಾದ್ದು ಇದನ್ನೇ, ಅದೂ ಒಳಗಡೆ. ಕಾರ್ಖಾನೆಯ ಮಾಲು ಹೆಚ್ಚಾಗಿ ಅಚ್ಚಿನಲ್ಲಿ ಮಾಡಿದ್ದು. ಒಂದರಂತೆ ಇನ್ನೊಂದು, ಅಂಚೆಲ್ಲಾ ನುಣುಪು. ಪ್ರೊಟೊಟೈಪಿಗೆ ಅಚ್ಚಿನ ಖರ್ಚು ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲ. ಲೋಹದ ಗಟ್ಟಿಯನ್ನು ಮಷೀನಿನಲ್ಲಿ ಕೊರೆದು ಮಾಡುತ್ತಾರೆ, ಅದರ ಗೀರು ಒಳಗೋಡೆಯಲ್ಲಿ ಉಳಿದಿರುತ್ತದೆ. ಜಾಗ ತಪ್ಪಿ ಕೊರೆದು ಮುಚ್ಚಿದ ತೂತು, ಅಳತೆಗೆ ಸೂಜಿಯಿಂದ ಎಳೆದ ಗೆರೆ, ಕೈಯಲ್ಲಿ ಕೆತ್ತಿದ ಏರುಪೇರಾದ ಅಂಕಿ ಸಿಕ್ಕರೆ ಆಗ ಕುತೂಹಲ ಪಡಬಹುದು.

ಅಲ್ಲೂ ಒಂದು ತೊಡಕಿದೆ. ರಿಪೇರಿಯವರೂ ಕೈಯಲ್ಲಿ ಗೀಚುತ್ತಾರೆ! ತಾರೀಖು, ಗಿರಾಕಿ ನಂಬರ್, ಏನೇನೋ. ಸ್ಕ್ರೂ ಸಿಗದಿದ್ದರೆ ಬೇರೆ ಕ್ಯಾಮೆರಾದ್ದು ಹಾಕುತ್ತಾರೆ, ಚರ್ಮ ಕಿತ್ತುಹೋದರೆ ರೆಕ್ಸಿನ್ ಅಂಟಿಸುತ್ತಾರೆ. ಹಾಗೆಯೇ ಹವ್ಯಾಸಕ್ಕೆ ಎರಡು ಸಾದಾ ಕ್ಯಾಮೆರಾ ಕತ್ತರಿಸಿ ಜೋಡಿಸಿದವರೂ ಇದ್ದಾರೆ. ಅದು ಚೆಂದದ ಕೆಲಸವೇ, ಆದರೆ ಯಾವ ಕಂಪನಿಯ ಪ್ರೊಟೊಟೈಪೂ ಅಲ್ಲ.

ಹಾಗಂತ ಮನೆಯಲ್ಲಿ ಮಾಡಿದ್ದೆಂದು ತಳ್ಳಿಹಾಕುವಂತೆಯೂ ಇಲ್ಲ. ಸೀಟನ್ ರಾಕ್‌ವೈಟ್ ಎಂಬ ಎಂಜಿನಿಯರ್ ಮೊದಲು ತನಗಾಗಿಯೇ ಸ್ಟೀರಿಯೋ ಕ್ಯಾಮೆರಾ ಮಾಡಿಕೊಂಡಿದ್ದ. ಮುಂದೆ ಅಮೆರಿಕದ ಮಿಲ್ವಾಕಿಯ ಡೇವಿಡ್ ವೈಟ್ ಕಂಪನಿಗೆ ರಿಯಲಿಸ್ಟ್ ರೂಪಿಸಿಕೊಟ್ಟ. ಅದು ಸರ್ವೆ ಉಪಕರಣ ಮಾಡುತ್ತಿದ್ದ ಕಂಪನಿ. ಕ್ಯಾಮೆರಾ ಮಾರಾಟಕ್ಕೆ ಬಂದಿದ್ದು 1947ರಲ್ಲಿ. ಅದರ ಆಚೀಚೆಯ ಎರಡು ಲೆನ್ಸ್‌ಗಳ ಮಧ್ಯಬಿಂದುಗಳ ನಡುವೆ 70 ಮಿ.ಮೀ. ಅಂತರ, ಒಂದೊಂದು ಚಿತ್ರಕ್ಕೆ ಫಿಲ್ಮಿನ ಅಂಚಿನ 5 ತೂತಿನಷ್ಟು ಜಾಗ. ನೋಡಲು ರಿಯಲಿಸ್ಟ್‌ನಂತೆಯೇ ಇದ್ದು ಈ ಅಳತೆ ಮಾತ್ರ ಹೊಂದದಿದ್ದರೆ ಅದನ್ನು ಬಿಡಬೇಡಿ. ಸ್ಕೇಲ್ ಇಟ್ಟು ಅಳೆಯುವುದೇನು ಕಷ್ಟ, ಅಲ್ವಾ?

ಲೆನ್ಸ್ ನಂಬರ್ ನೋಡಿ ವರ್ಷ ಹೇಳುವವರೂ ಇದ್ದಾರೆ. ಕೊಡಾಕ್ ತನ್ನ ಎಷ್ಟೋ ಲೆನ್ಸ್‌ಗಳ ನಂಬರಿನ ಮುಂದೆ ಎರಡು ಇಂಗ್ಲಿಷ್ ಅಕ್ಷರ ಹಾಕುತ್ತಿತ್ತು, ಅವು ವರ್ಷದ ಕೊನೆಯ ಎರಡು ಅಂಕಿ. ಸಿ ಅಂದರೆ 1, ಎ 2, ಎಂ 3, ಇ 4, ಆರ್ 5, ಓ 6, ಎಸ್ 7, ಐ 8, ಟಿ 9, ವೈ ಅಂದರೆ 0. ಆರ್‌ಎಂ ಇದ್ದರೆ 53, ಅಂದರೆ 1953. ಆದರೆ ಅದು ಲೆನ್ಸ್ ಹುಟ್ಟಿದ ವರ್ಷ ಅಷ್ಟೆ. ಗೋಡೌನಿನಲ್ಲಿದ್ದ ಹಳೇ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕುವುದು ಯಾವ ಕಾರ್ಖಾನೆಗೂ ಹೊಸದಲ್ಲ. ಕಡಿಮೆ ನಂಬರಿನ ಕ್ಯಾಮೆರಾ ಕೂಡ ಮೊದಲ ಲಾಟಿನ ಮಾಲು ಇರಬಹುದು, ಪ್ರೊಟೊಟೈಪೇ ಆಗಬೇಕಿಲ್ಲ. ಪೇಟೆಂಟ್ ಚಿತ್ರ, ಕಂಪನಿ ಪತ್ರ ಅಥವಾ ಅಂದಿನ ಫೋಟೋ ಜೊತೆಗೆ ತಾಳೆ ಆಗುವವರೆಗೆ 'ಇರಬಹುದು' ಅನ್ನುವುದೇ ಸರಿ.

ಆದ್ದರಿಂದ ಆ ಕ್ಯಾಮೆರಾದ ಹಿಂಬದಿ ತೆಗೆದು, ಒಳಗಿನ ಫೋಟೋವನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಸಿ ಇನ್ನೊಮ್ಮೆ ಪ್ರಕಟಿಸಿ. ಯಾರಿಂದ ಬಂತು, ಯಾರ ಕೈಗೆ ಹೋಯಿತು ಎಂಬುದನ್ನೂ ಮಾಲೀಕರು ನೆನಪಿದ್ದಷ್ಟು ಬರೆದಿಡಲಿ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹಳೇ ಸ್ಟುಡಿಯೋ ಮುಚ್ಚುವವರು ಕ್ಯಾಮೆರಾವನ್ನು ಸುಮ್ನೆ ಗುಜರಿಗೆ ತೂಕಕ್ಕೆ ಹಾಕುವ ಮುಂಚೆ ಇಷ್ಟಾದರೂ ನೋಡಲಿ. ಮುಖ್ಯವಾಗಿ, ಫೋಟೋಕ್ಕೆ ಹೊಳೆಯಲಿ ಎಂದು ಬ್ರಾಸೋ ಹಾಕಿ ತಿಕ್ಕಬೇಡಿ. ನಾವು ಹುಡುಕುವ ಗೀರೆಲ್ಲಾ ಮೊದಲು ಅದರಲ್ಲೇ ಹೋಗುತ್ತದೆ.

ಇಂತಿ,
ಹಳೇ ಸ್ಟುಡಿಯೋ ಫೋಟೋಗ್ರಾಫರ್
ಕೌಲ್ ಬಜಾರ್, ಬಳ್ಳಾರಿ