ಹನ್ನೊಂದೂವರೆ ಗಂಟೆ ಎಂದಿರಿ, ಹಿಡಿದದ್ದು ಇಪ್ಪತ್ತೈದು ಗಂಟೆ

ಇವರಿಗೆ,
ಗ್ರಾಹಕ ಸೇವಾ ಮುಖ್ಯಸ್ಥರು

ವಿಷಯ: ಹೈದರಾಬಾದ್–ಸ್ಯಾನ್ ಫ್ರಾನ್ಸಿಸ್ಕೊ ಟಿಕೆಟ್‌ನಲ್ಲಿ ಪ್ರಯಾಣದ ಅವಧಿಯನ್ನು ತಪ್ಪಾಗಿ ನಮೂದಿಸಿದ ಬಗ್ಗೆ

ಮಾನ್ಯರೇ,

ಮೂರು ಸಲ ಫೋನಿನಲ್ಲಿ ಹೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಜನವರಿ 21ರಂದು ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಒಬ್ಬಳೇ ಹೊರಟಳು. ಕಲಬುರಗಿಯಿಂದ ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಷಾಬಾದ್‌ವರೆಗೆ ಕಾರು, ಅಲ್ಲಿಂದ ಲಂಡನ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ. ನೀವು ಕೊಟ್ಟ ಹಾಳೆಯಲ್ಲಿ ಬೆಳಿಗ್ಗೆ 7ಕ್ಕೆ ನಿರ್ಗಮನ, ಸಂಜೆ 6:30ಕ್ಕೆ ಆಗಮನ, ಒಟ್ಟು ಅವಧಿ 11 ಗಂಟೆ 30 ನಿಮಿಷ ಎಂದಿತ್ತು. ಅನುಮಾನ ಬಂದು ಟಿಕೆಟ್ ಪಡೆದ ದಿನವೇ ಕೇಳಿದ್ದೆ. ಸಮಯದ ವ್ಯತ್ಯಾಸ ಕಳೆದೇ ಬರೆದಿದ್ದೇವೆ ಎಂದು ನಿಮ್ಮವರು ಭರವಸೆ ಕೊಟ್ಟರು.

ಅವಳಿಗೆ ಸಕ್ಕರೆ ಕಾಯಿಲೆ. ರಾತ್ರಿ 9ಕ್ಕೆ ಇನ್ಸುಲಿನ್ ತಪ್ಪುವಂತಿಲ್ಲ. ಅಷ್ಟರೊಳಗೆ ಮಗಳ ಮನೆ ಸೇರಿರುತ್ತಾಳೆ ಎಂದು ಇನ್ಸುಲಿನ್ ಚುಚ್ಚುವ ಪೆನ್ನನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟೆವು. ನಮ್ಮ ಗಡಿಯಾರದಲ್ಲಿ 9 ಹೊಡೆದಾಗ ಅವಳು ಲಂಡನ್ನಿನಲ್ಲಿ ಎರಡನೆಯ ವಿಮಾನ ಹತ್ತುತ್ತಿದ್ದಳು. ಕೈಚೀಲದಲ್ಲಿ ಉಳಿದಿದ್ದು ಎರಡು ಸಜ್ಜೆ ರೊಟ್ಟಿ, ಸ್ವಲ್ಪ ಶೇಂಗಾ ಹಿಂಡಿ. ಮುಂದೆ ಇನ್ನೂ 11 ಗಂಟೆಯ ಹಾರಾಟವಿತ್ತು. ಇಳಿದ ಮೇಲೆ ಅವಳು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಕೊನೆಯ ಫೋನಿನಲ್ಲಿ ನಡೆದದ್ದನ್ನು ನಾನು ಮರೆಯಲಾರೆ. "ಏಳಕ್ಕೆ ಹೊರಟು ಆರೂವರೆಗೆ ಇಳಿದರೆ ಎಷ್ಟಾಯಿತು? ಬೆರಳು ಮಡಚಿ ಎಣಿಸಿ" ಎಂದರು ನಿಮ್ಮವರು. ಗಂಜ್‌ನ ನನ್ನ ಅಂಗಡಿಯಲ್ಲಿ, ಹಮಾಲರು ನೋಡುತ್ತಿರುವಾಗ, ಅರವತ್ತೊಂದು ವರ್ಷದ ನಾನು ನಿಜವಾಗಿಯೂ ಎಣಿಸಿದೆ. ಏಳರಿಂದ ಹನ್ನೆರಡಕ್ಕೆ ಐದು, ಅಲ್ಲಿಂದ ಆರೂವರೆ. "ಸರಿಹೋಯಿತಲ್ಲ?" ಎಂದರು. ಹಿಂದೆ ಯಾರೋ ನಕ್ಕರು. "ಯಾವ ಊರು?" ಎಂದರು. ಹೇಳಿದೆ. "ಅಲ್ಲಿ ವಿಮಾನ ಹಾರುತ್ತದೆಯೇ?" ಎಂದರು. ನಮ್ಮ ಊರಿನ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಪ್ರಯಾಣದ ಟಿಕೆಟ್ ಮಾರುವವರಿಗೆ ಇದು ಗೊತ್ತಿರಬೇಕು.

ಗೊತ್ತಿರಬೇಕಾದ ಇನ್ನೊಂದು ಸಂಗತಿಯೂ ಇದೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅದನ್ನು ಕೂಡಿಸಿದರೆ 25 ಗಂಟೆ. ಲಂಡನ್‌ಗೆ ಸುಮಾರು 7,700 ಕಿ.ಮೀ., ಅಲ್ಲಿಂದ ಮುಂದೆ ಸುಮಾರು 8,600 ಕಿ.ಮೀ. ಇಷ್ಟು ದೂರವನ್ನು ಹನ್ನೊಂದೂವರೆ ಗಂಟೆಯಲ್ಲಿ ಕ್ರಮಿಸಲು, ಲಂಡನ್ನಿನಲ್ಲಿ ಕ್ಷಣ ನಿಲ್ಲದೆ, ಗಂಟೆಗೆ 1,400 ಕಿ.ಮೀ.ಗೂ ಹೆಚ್ಚು ವೇಗ ಬೇಕು. ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಒಯ್ಯುತ್ತಿದ್ದ ಕಾಂಕಾರ್ಡ್ 2003ರಲ್ಲೇ ನಿಂತುಹೋಗಿದೆ.

ನಾನು ತೊಗರಿ ವ್ಯಾಪಾರಿ. ಕ್ವಿಂಟಲ್‌ಗೆ ಎರಡು ಕಿಲೋ ಕಡಿಮೆ ತೂಗಿದರೆ ರೈತ ನನ್ನ ಕಟ್ಟೆ ಹತ್ತುವುದಿಲ್ಲ. ನೀವು ತೂಗಿದ್ದು ಅರ್ಧಕ್ಕಿಂತಲೂ ಕಡಿಮೆ.

ಲಿಖಿತ ಕ್ಷಮೆ ಬೇಕು, ಹಾಳೆಯಲ್ಲಿನ ಲೆಕ್ಕ ತಿದ್ದಬೇಕು. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಹಾಗಾಗಿ ಉತ್ತರ ಹೇಳಲು ನೀವು ಕಲಬುರಗಿಗೇ ಬರಬೇಕಾಗುತ್ತದೆ.

ಇತಿ,
ನಿಮ್ಮ ಗ್ರಾಹಕ
ಕಲಬುರಗಿ