ಮೊದಲ ಮಳೆಗಾಲ ನೋಡು, ಆಮೇಲೆ ಗುಂಡಿ ತೋಡು

ಚಿ. ಪುಟ್ಟೂಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನಾನೂ ನಿಮ್ಮ ಮಾವನೂ ಇಲ್ಲಿ ಕ್ಷೇಮ. ತಿಪಟೂರಿನ ಹತ್ತಿರ 2 ಎಕರೆ 10 ಗುಂಟೆ ನಿನ್ನ ಹೆಸರಿಗೆ ರಿಜಿಸ್ಟರ್ ಆಯಿತು ಅಂತ ಕೇಳಿ ತುಂಬಾ ಸಂತೋಷವಾಯಿತು. ನಮ್ಮ ಕಡೆ ಹುಡುಗರು ಇದ್ದ ಹೊಲ ಮಾರಿ ಬೆಂಗಳೂರು ಸೇರುವ ಕಾಲದಲ್ಲಿ ನೀನು ಅಲ್ಲಿಂದ ಇತ್ತ ಮುಖ ಮಾಡಿದ್ದೀಯ. ಆ ಆಸೆ ಮೊದಲ ಎರಡು ವರ್ಷದಲ್ಲೇ ಬತ್ತಬಾರದು ಅಂತ ಈ ಕಾಗದ.

ನೀನು ಕಳಿಸಿದ ಪಟ್ಟಿ ನೋಡಿದೆ. ಬೋರ್‌ವೆಲ್, ಎರಡು ರೂಮಿನ ಮನೆ, ನೂರು ತೆಂಗು, ಎರಡು ಹಸು, ಕೋಳಿ, ಎಲ್ಲಾ ದೀಪಾವಳಿಯೊಳಗೆ! ಒಂದು ಮಾತು ಕೇಳಪ್ಪಾ. ಒಂದು ಪೂರ್ತಿ ಮಳೆಗಾಲ ಕಣ್ಣಾರೆ ನೋಡದೆ, ಮತ್ತೆ ಕಿತ್ತು ಬೇರೆ ಕಡೆ ಇಡೋಕಾಗದ ಯಾವುದನ್ನೂ ಆ ನೆಲದಲ್ಲಿ ಮಾಡಬೇಡ. ಬೋರು, ಮನೆ, ತೆಂಗು ಮೂರೂ ಅಂಥವೇ.

ಈ ಬೇಸಿಗೆಯಲ್ಲಿ ಮಾಡಬೇಕಾದ್ದು ಕಾಗದದ ಕೆಲಸ. ಪಹಣಿ ನಿನ್ನ ಹೆಸರಿಗೆ ಬಂದಿದೆಯಾ ನೋಡು. ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸೋಕೆ, ಅರ್ಜಿ ಹಾಕಿ ಸರ್ವೆ ಮಾಡಿಸು. ಅಕ್ಕಪಕ್ಕದ ಹೊಲದವರನ್ನು ಕರೆದು, ಅವರ ಎದುರಿಗೇ ಕಲ್ಲು ನೆಡಿಸು. ಹೊಲಕ್ಕೆ ಹೋಗುವ ಬಂಡಿದಾರಿ ನಕಾಶೆಯಲ್ಲಿದೆಯಾ, ಸುಮ್ನೆ ಬಾಯಿಮಾತಿನದಾ ಅಂತ ಈಗಲೇ ತಿಳಿದುಕೋ.

ಇನ್ನು ನೀರು. ಇದನ್ನು ನಿಧಾನವಾಗಿ ಓದು. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತು ಟ್ಯಾಂಕರ್. ನಿನ್ನ ಹೊಲಕ್ಕೆ ಒಂದೇ ಹದವಾದ ಮಳೆಯಲ್ಲಿ ನಲವತ್ತಕ್ಕೂ ಹೆಚ್ಚು ಟ್ಯಾಂಕರ್ ನೀರು ಬಂದಂತಾಯಿತು. ಅದು ಕೆಂಪು ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಹೋದರೆ ಬಂದೂ ಬಾರದ ಹಾಗೆ. ಅದನ್ನು ಹಿಡಿಯದೆ ಬೋರು ಕೊರೆಸೋಕೆ ಹೊರಡಬೇಡ. ನಮ್ಮ ಸುತ್ತಮುತ್ತ ಸಾವಿರ ಅಡಿ ಇಳಿಸಿ ಬರೀ ದೂಳು ಕಂಡವರಿದ್ದಾರೆ. ಆ ಸಾಲ ತೀರಿಸೋಕೆ ತೋಟವನ್ನೇ ಮಾರಿದವರೂ ಇದ್ದಾರೆ.

ಅದಕ್ಕೇ ಹೇಳುವುದು, ಏಪ್ರಿಲ್ ಕೊನೆಗೆ ಭರಣಿ ಮಳೆ ಶುರುವಾದಾಗ ಒಂದು ವಾರ ರಜಾ ಹಾಕಿ ಬಾ. ಮಳೆ ಜೋರಾಗಿ ಹುಯ್ಯುವಾಗ ಗೊರಗು ಹಾಕಿಕೊಂಡು ಹೊಲದಲ್ಲಿ ನಿಲ್ಲು. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಸೀಳಿಕೊಂಡು ಓಡುತ್ತದೆ, ಎಲ್ಲಿ ನಿಂತು ಜೌಗಾಗುತ್ತದೆ, ಯಾವ ಮೂಲೆಯಿಂದ ಹೊರಗೆ ಹೋಗುತ್ತದೆ ಅಂತ ಗೂಟ ಹೊಡೆಯುತ್ತಾ ಹೋಗು. ಬಿಸಿಲಲ್ಲಿ ನೆಲ ಚಪ್ಪಟೆ ಕಾಣುತ್ತದೆ, ಮಳೆಯಲ್ಲೇ ಅದರ ಇಳಿಜಾರು ಗೊತ್ತಾಗುವುದು.

ಆಮೇಲೆ ಬದು, ಅಂದರೆ ಹರಿಯುವ ನೀರನ್ನು ತಡೆಯುವ ಮಣ್ಣಿನ ಏರಿ. ಗಾರೆಯವರ ಹತ್ತಿರ ಲೆವೆಲ್ ಪೈಪು ಇರುತ್ತದಲ್ಲ, ನೀರು ತುಂಬಿದ ಆ ಗಾಜಿನಂಥ ಪೈಪು, ಅದನ್ನು ಒಂದು ದಿನಕ್ಕೆ ಕೇಳಿ ತಗೋ. ಒಂದೇ ಉದ್ದದ ಎರಡು ಕೋಲಿಗೆ ಅದರ ಎರಡು ತುದಿ ಕಟ್ಟಿ, ಎರಡಕ್ಕೂ ಒಂದೇ ಎತ್ತರಕ್ಕೆ ಗುರುತು ಹಾಕು. ಒಂದು ಕೋಲು ನೀನು ಹಿಡಿ, ಇನ್ನೊಂದು ನಿನ್ನ ಹೆಂಡತಿ ಹಿಡಿಯಲಿ. ಪೈಪಿನ ಒಳಗೆ ಗಾಳಿಗುಳ್ಳೆ ಇರಬಾರದು, ಇದ್ದರೆ ಲೆಕ್ಕ ತಪ್ಪುತ್ತದೆ. ಎರಡೂ ಕಡೆ ನೀರು ಗುರುತಿಗೆ ನಿಂತ ಜಾಗಗಳು ಒಂದೇ ಮಟ್ಟ. ಅಲ್ಲಿ ಸುಣ್ಣ ಚೆಲ್ಲಿ, ಆ ಗೆರೆ ಹಿಡಿದು ಬದು ಹಾಕು. ಬದುವಿನ ಮೇಲ್ಮಗ್ಗುಲಿಗೆ 2 ಅಡಿ ಅಗಲ, 2 ಅಡಿ ಆಳದ ಕಾಲುವೆ ಸಾಕು. ಅದನ್ನು ಉದ್ದಕ್ಕೂ ಒಂದೇ ಸಮ ತೆಗೆಯಬೇಡ, ಹತ್ತು ಹನ್ನೆರಡು ಅಡಿಗೊಂದು ಸಣ್ಣ ಕಟ್ಟೆ ಬಿಡು. ಆಗ ನೀರು ಓಡದೆ ನಿಂತು ಇಂಗುತ್ತದೆ. ಹೆಚ್ಚಾದ ನೀರು ಹೊರಹೋಗೋಕೆ ಕಲ್ಲು ಹಾಸಿದ ಕೋಡಿ ಇರಲೇಬೇಕು, ಇಲ್ಲದಿದ್ದರೆ ಅಕ್ಟೋಬರ್ ಹೊತ್ತಿನ ಹಸ್ತ, ಚಿತ್ತೆ ಮಳೆಗೆ ಬದು ಒಡೆಯುತ್ತದೆ.

ಕೊನೆಗೆ ನೀರು ಬಂದು ಸೇರುವ ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ. 30 ಅಡಿ ಉದ್ದ, 30 ಅಡಿ ಅಗಲ, 10 ಅಡಿ ಆಳ ತೆಗೆದು ಪಕ್ಕಗಳನ್ನು ಓರೆಯಾಗಿ ಬಿಟ್ಟರೆ ಸುಮಾರು 1.2 ಲಕ್ಷ ಲೀಟರ್ ಹಿಡಿಯುತ್ತದೆ. ಸಹಾಯಧನ ಈಗ ಏನಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸು. ಹೊಂಡದ ಸುತ್ತ ಬೇಲಿ ಮಾತ್ರ ಅದೇ ವಾರ ಆಗಬೇಕು. ಮನೇಲಿ ಚಿಕ್ಕ ಮಗುವಿದೆ, ಇದರಲ್ಲಿ ನಾಳೆ ಅನ್ನಬೇಡ.

ಹೊಲಕ್ಕೂ ಬೇಲಿ ಬೇಕು. ಸುಗ್ಗಿ ಮುಗಿದ ಮೇಲೆ ಊರಿನ ದನ, ಮೇಕೆ ಎಲ್ಲಾ ಬಯಲಿಗೆ ಬಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅದು ಇಲ್ಲಿಯ ರೂಢಿ. ಈ ವರ್ಷ ಕಲ್ಲುಕಂಬ, ಮುಳ್ಳುತಂತಿ ಹಾಕು. ತಂತಿಯ ಒಳಗೆ ಮುಂಗಾರಿಗೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಕೋಲುಗಳನ್ನು ನೆಡು. ಎರಡನೇ ವರ್ಷದಿಂದ ಅದರ ಸೊಪ್ಪು ಸವರಿ ಮಣ್ಣಿಗೆ ಹಾಕಬಹುದು.

ಮೊದಲ ವರ್ಷ ಅರ್ಧ ಎಕರೆಗೆ ಸೆಣಬು ಚೆಲ್ಲಿ, ಹೂ ಬರುವಾಗ ಉತ್ತು ಮಣ್ಣಿಗೆ ಸೇರಿಸು. ಒಂದು ಎಕರೆಗೆ ರಾಗಿ ಹಾಕು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಕ್ಕಡಿಯಾಗಿ, ಅಂದರೆ ನಡುನಡುವಿನ ಸಾಲಾಗಿ, ಒಂದಿಷ್ಟು ತೊಗರಿ, ಹುಚ್ಚೆಳ್ಳು, ಜೋಳ. ರಾಗಿ ಕೈ ಕೊಟ್ಟರೂ ಅವರೆ ಹಿಂಗಾರಿನ ಇಬ್ಬನಿಗೆ ಕಾಯಿ ಕಚ್ಚುತ್ತದೆ. ಮಳೆ ಸರಿಯಾಗಿ ಆದರೆ ನಿಮ್ಮ ಮನೆಗೆ ವರ್ಷದ ಮುದ್ದೆಗೆ ಆಗಿ ಮಿಗುತ್ತದೆ. ಹುಲ್ಲನ್ನು ಮಾರಬೇಡ, ಮೆದೆ ಒಟ್ಟು. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸು, ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ನಿನಗೆ ಹತ್ತಿರ.

ತೆಂಗು ಎರಡನೇ ವರ್ಷದ ಮುಂಗಾರಿಗೆ. ನೂರು ಬೇಡ ಪುಟ್ಟೂ. 30 ಅಡಿ ಅಂತರ ಕೊಟ್ಟರೆ ಎಕರೆಗೆ ಐವತ್ತು ಗಿಡವೂ ಹಿಡಿಯುವುದಿಲ್ಲ. ನೀನು ಮೂವತ್ತು ಇಡು. ಹೊಂಡದ ನೀರಿನಲ್ಲಿ ಮೂವತ್ತು ಎಳೆ ಗಿಡವನ್ನು ಬೇಸಿಗೆ ದಾಟಿಸಬಹುದು, ನೂರನ್ನು ಕಣ್ಣೆದುರೇ ಒಣಗಿಸಬೇಕಾಗುತ್ತದೆ. ಸಸಿ ಆರಿಸುವಾಗ ಎತ್ತರ ನೋಡಿ ಮರುಳಾಗಬೇಡ. ಕುತ್ತಿಗೆ ದಪ್ಪ ಇರಬೇಕು, ಆರಕ್ಕೆ ಕಡಿಮೆಯಿಲ್ಲದೆ ಗರಿ ಇರಬೇಕು, ಗರಿ ಬೇಗ ಸೀಳಿಕೊಂಡಿರಬೇಕು. ಫಸಲಿಗೆ ಆರೇಳು ವರ್ಷ. ಅಲ್ಲಿವರೆಗೆ ಸಾಲಿನ ನಡುವೆ ರಾಗಿ, ಅಲಸಂದೆ ಬೆಳೆದುಕೋ.

ನುಗ್ಗೆ, ಕರಿಬೇವು, ನಿಂಬೆ, ಪಪ್ಪಾಯವನ್ನು ಶೆಡ್ಡಿನ ಬಚ್ಚಲ ನೀರು ಹರಿಯುವ ಕಡೆಗೇ ಇಡು. ಮನೆ ಮೂರನೇ ವರ್ಷಕ್ಕೆ ಇರಲಿ, ಈಗ ಶೆಡ್ಡು ಸಾಕು.

ಹಸು ತರಬೇಡ ಅನ್ನುವುದಿಲ್ಲ. ವರ್ಷಕ್ಕಾಗುವ ಹುಲ್ಲು ಮೆದೆಯಲ್ಲಿರಬೇಕು, ನಿಮ್ಮಿಬ್ಬರಲ್ಲಿ ಒಬ್ಬರು ಬೆಳಿಗ್ಗೆ ಸಂಜೆ ಅಲ್ಲೇ ಇರಬೇಕು. ಅವೆರಡೂ ಆದ ದಿನ ಒಂದೇ ಒಂದು ಹಸು ತಾ. ಶನಿವಾರ ಭಾನುವಾರ ಬಂದು ಹೋಗುವವರ ಹಟ್ಟಿಯಲ್ಲಿ ಆ ಮೂಕಪ್ರಾಣಿ ನರಳಬಾರದು. ಕೋಳಿಗೂ ಅಷ್ಟೇ, ಮೊದಲು ಮುಂಗುಸಿ ನುಗ್ಗದ ಗೂಡು, ರಾಣಿಖೇತ್ ರೋಗದ ಲಸಿಕೆ, ಆಮೇಲೆ ಮರಿ.

ಕೆಲಸ ಬಿಡಬೇಡ. ಮೂರು ವರ್ಷ ಸಂಬಳ ಬರುತ್ತಿರಲಿ. ಹೊಲದಿಂದ ದುಡ್ಡು ಕೇಳದೆ ಊಟ ಮಾತ್ರ ಕೇಳು. ಅಲ್ಲಿಯವರ ಜೊತೆ ಹೊಂದಿಕೊಂಡು ಹೋಗು. ಪಕ್ಕದ ಹೊಲದಲ್ಲಿ ಕಳೆ ತೆಗೆಯುವಾಗ ನೀನೂ ಒಂದು ದಿನ ಮುಯ್ಯಿಗೆ ಹೋದರೆ, ನಿನ್ನ ಕುಯ್ಲಿಗೆ ಅವರು ಬರುತ್ತಾರೆ.

ಯುಗಾದಿಗೆ ಎಲ್ಲರೂ ಬನ್ನಿ. ಹಬ್ಬದ ಮಾರನೇ ದಿನ ನಿಮ್ಮ ಮಾವನೂ ಹೊಲಕ್ಕೆ ಬರುತ್ತಾರಂತೆ, ಬದು ಎಲ್ಲಿ ಅಂತ ನೋಡೋಕೆ. ಬರುವಾಗ ಸರ್ವೆ ನಕ್ಷೆಯ ಜೆರಾಕ್ಸ್ ತಾ. ಬಿತ್ತನೆಗೆ ನಾಟಿ ಅವರೆ, ತೊಗರಿ ಬೂದಿ ಬೆರೆಸಿ ತೆಗೆದಿಟ್ಟಿದ್ದೇನೆ, ಅಂಗಡಿಯಲ್ಲಿ ಕೊಳ್ಳಬೇಡ.

ಇಂತಿ,
ನಿನ್ನ ಅತ್ತೆ