ಕೂಲಿ ಬಿಟ್ಟು ದವಾಖಾನೆಗೆ ಬರುವುದು ಹೇಗೆ?

ಮಾನ್ಯ ಸಂಪಾದಕರೇ,

ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಬಹಳ ಒಳ್ಳೆಯ ಕೆಲಸ. ಆದರೆ ನಮ್ಮ ಯಾದಗಿರಿ ಜಿಲ್ಲೆಯ ತಾಂಡಾಗಳಲ್ಲಿ, ದಲಿತರ ಓಣಿಗಳಲ್ಲಿ ‘ಆರೋಗ್ಯ ಹೆಂಗೈತ್ರಿ’ ಎಂದು ಕೇಳಿ, ಬಂದ ಉತ್ತರವನ್ನು ಹಾಗೇ ಬರೆದುಕೊಂಡು ಮುಂದಿನ ಮನೆಗೆ ಹೋಗಬಾರದು.

ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಕೇಳಿ. ‘ಏನಿಲ್ರಿ, ಆರಾಮ ಅದೀನಿ’ ಎನ್ನುತ್ತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಒಂದೊಂದೇ ಹೊರಗೆ ಬರುತ್ತದೆ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಸೊಂಟ ಹಿಡಿದಿದೆ. ಸಾಲದ ಚಿಂತೆಗೆ ರಾತ್ರಿ ನಿದ್ದೆಯಿಲ್ಲ. ಅವರು ಸುಳ್ಳು ಹೇಳಿದ್ದಲ್ಲ. ಅವ್ವನಿಗೂ ಹೀಗೇ, ಅತ್ತೆಗೂ ಹೀಗೇ, ಪಕ್ಕದ ಮನೆಯವಳಿಗೂ ಹೀಗೇ ಇದ್ದರೆ ಅದನ್ನು ಕಾಯಿಲೆ ಅಂತ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಹಿಡಿದರೆ ಮಲಗಬೇಕು, ಮಲಗಿದರೆ ಆ ದಿನದ ಕೂಲಿ ಹೋಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಇವರಲ್ಲಿ ಎಷ್ಟೋ ಜನ ‘ಆರಾಮ’ ಎಂದೇ ಹೇಳುವವರು.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲೇ ಇದನ್ನು ಬರೆದಿದ್ದರು. ಓದು, ಆಸ್ಪತ್ರೆ, ಆಯುಷ್ಯ ಎಲ್ಲ ಹೆಚ್ಚಿರುವ ಕೇರಳದ ಜನ ತಮಗೆ ಕಾಯಿಲೆ ಇದೆ ಎಂದು ಹೇಳುವುದು ಜಾಸ್ತಿ. ಬಿಹಾರದವರು ಹೇಳುವುದು ಕಡಿಮೆ. ಬರೀ ಆ ಲೆಕ್ಕ ನಂಬಿದರೆ ಬಿಹಾರದವರೇ ಹೆಚ್ಚು ಆರೋಗ್ಯವಂತರು ಅನ್ನಬೇಕಾಗುತ್ತದೆ, ಅಲ್ವಾ? ನಮ್ಮ ಭಾಗಕ್ಕೂ ಇದೇ ಭಯ. ಜನ ದೂರುತ್ತಿಲ್ಲ, ಹಾಗಾಗಿ ಇಲ್ಲಿಗೆ ವೈದ್ಯರು ಬೇಡ ಎಂದು ಯಾರಾದರೂ ಅಂದುಕೊಂಡರೆ ಗತಿಯೇನು?

ಹಾಗಂತ ಜನರ ಮಾತನ್ನು ತಳ್ಳಿಹಾಕಬೇಡಿ. ತಮ್ಮ ಆರೋಗ್ಯ ಕೆಟ್ಟಿದೆ ಎಂದು ತಾವೇ ಹೇಳಿದವರಲ್ಲಿ ಮುಂದೆ ಸಾವಿನ ಪ್ರಮಾಣ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇಷ್ಟೆಲ್ಲ ಸಹಿಸುವ ಹೆಣ್ಣುಮಗಳೊಬ್ಬಳು ‘ನನ್ನ ಕೈಲಿ ಆಗವಲ್ದು’ ಎಂದಳೆಂದರೆ ತಡಮಾಡದೆ ನೋಡಬೇಕು.

ಇನ್ನು ಗುಳೆ ಹೋದವರ ಕಥೆ. ಸಮೀಕ್ಷೆಗೆ ಬಂದಾಗ ಮನೆಗೆ ಬೀಗ. ಗಂಡ ಹೆಂಡತಿ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸದಲ್ಲಿ. ಬಿಪಿ ಗುಳಿಗೆ ಇಲ್ಲಿ ಶುರುವಾಗಿ ಅಲ್ಲಿ ನಿಂತುಹೋಗುತ್ತದೆ. ಊರಲ್ಲಿ ಉಳಿಯುವ ವಯಸ್ಸಾದವರಿಗೆ ದವಾಖಾನೆಗೆ ಕರೆದುಕೊಂಡು ಹೋಗುವವರೇ ಇಲ್ಲ.

ಈ ಭಾಗ ಹಿಂದುಳಿದಿದೆ ಎಂದು, ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತು. ನಂತರ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಕಟ್ಟಡಗಳೂ ಬಂದಿವೆ. ಈಗ ಜಿಲ್ಲಾಡಳಿತದಲ್ಲಿ ನನ್ನ ಕೋರಿಕೆ ಇಷ್ಟು: ಹತ್ತಿ, ತೊಗರಿ ಸುಗ್ಗಿಯ ತಿಂಗಳುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸಂಜೆ ಕೂಲಿ ಮುಗಿದ ಮೇಲೂ ತೆರೆದಿರಲಿ. ಮನೆ ಸಮೀಕ್ಷೆಯೂ ಆ ಹೊತ್ತಿಗೇ ನಡೆಯಲಿ. ಬಿಪಿ, ಶುಗರ್ ಜೊತೆ ರಕ್ತಹೀನತೆ ಇದೆಯೇ ಎಂದೂ ನೋಡಲಿ. ಸಾಲ, ಕುಡಿಯುವ ನೀರು, ಗುಳೆ ಬಗ್ಗೆಯೂ ಕೇಳಿ ಬರೆದುಕೊಳ್ಳಲಿ. ಗುಳೆ ಹೊರಡುವವರ ಕೈಗೆ ಮೂರು ತಿಂಗಳ ಗುಳಿಗೆ, ಜೊತೆಗೆ ಕಾಯಿಲೆ, ಗುಳಿಗೆಯ ವಿವರ ಬರೆದ ಒಂದು ಚೀಟಿ ಕೊಡಲಿ. ಆಶಾ ಕಾರ್ಯಕರ್ತೆಯರಿಗೆ ಈ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಹಣ ಸಿಗಲಿ, ಅದೂ ಅದೇ ತಿಂಗಳು.

- ಒಬ್ಬ ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ